ಹಳೆ ಅಂಬಾಸಿಡರ್‌ಗೆ ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಿಸಿದರೆ ತಪ್ಪೇನು?

ಮಾನ್ಯ ಸಂಪಾದಕರೇ,

ಕಳೆದ ವಾರ ಓದುಗರ ಪತ್ರಗಳಲ್ಲಿ ಒಬ್ಬರು ಹಳೆ ಕಾರುಗಳ ಬಗ್ಗೆ ಬರೆದಿದ್ದರು. ಹಳೆ ಎಂಜಿನ್‌ಗೆ ಎಲೆಕ್ಟ್ರಾನಿಕ್ ಇಗ್ನಿಷನ್ (ಪೆಟ್ರೋಲ್ ಹೊತ್ತಿಸುವ ಕಿಡಿಯನ್ನು ಎಲೆಕ್ಟ್ರಾನಿಕ್ ಸಾಮಾನಿನಿಂದ ಕೊಡುವ ಏರ್ಪಾಡು) ಹಾಕಿಸುವವರು ಕಾರಿನ ಮರ್ಯಾದೆ ತೆಗೆಯುತ್ತಿದ್ದಾರೆ, ಅಂಥ ಕಾರನ್ನು ವಿಂಟೇಜ್ ಅನ್ನಲೇಬಾರದು ಎಂದು ಅವರ ಮಾತು. ಹಳೆ ಕಾರುಗಳ ಮೇಲೆ ಅವರಿಗಿರುವ ಪ್ರೀತಿ ನನಗೂ ಇದೆ. ಆದರೆ ಈ ಮಾತು ಒಪ್ಪಲು ಆಗಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಮನೆಯಲ್ಲಿರುವುದು 1972ರ ಅಂಬಾಸಿಡರ್ ಮಾರ್ಕ್ 2. ಅಪ್ಪ ಅಡಿಕೆ ಮಾರಿದ ದುಡ್ಡಿನಲ್ಲಿ ಸೆಕೆಂಡ್ ಹ್ಯಾಂಡ್ ತಂದಿದ್ದು. 1489 ಸಿಸಿ ಪೆಟ್ರೋಲ್ ಎಂಜಿನ್, ಲ್ಯೂಕಾಸ್ ಕಂಪನಿಯ ಡಿಸ್ಟ್ರಿಬ್ಯೂಟರ್, ಅಂದರೆ ಪ್ರತಿ ಸಿಲಿಂಡರಿನ ಪ್ಲಗ್‌ಗೂ ಸರದಿಯಂತೆ ಕಿಡಿ ಹಂಚುವ ಸಾಮಾನು. ನಮ್ಮೂರ ಹಳೇ ಮೇಸ್ತ್ರಿ ಅದನ್ನು ಡಿಸ್ಟ್ರಿಬ್ಯೂಟರ್ ಅಂತ ಕರೆದಿದ್ದು ನಾನು ಕೇಳಿಲ್ಲ, ಅವರ ಬಾಯಲ್ಲಿ ಅದು ಡೆಲ್ಕೋ. ಅದು ಅಮೆರಿಕದ ಒಂದು ಕಂಪನಿಯ ಹೆಸರು ಅಂತ ಗೊತ್ತಾಗಿದ್ದು ಎಷ್ಟೋ ವರ್ಷದ ಮೇಲೆ. ಚಾರ್ಲ್ಸ್ ಕೆಟರಿಂಗ್ ಎಂಬ ಎಂಜಿನಿಯರ್ ಕಟ್ಟಿದ ಕಂಪನಿ ಅದು. ಬ್ಯಾಟರಿ, ಕಾಯಿಲ್, ಪಾಯಿಂಟ್ ಇಟ್ಟು ಪ್ಲಗ್‌ಗೆ ಕಿಡಿ ಕೊಡುವ ಏರ್ಪಾಡು ಅವರದು, 1912ರ ಕ್ಯಾಡಿಲಾಕ್ ಕಾರಿಗೆ ಸೆಲ್ಫ್ ಸ್ಟಾರ್ಟರ್ ಬಂದಿದ್ದೂ ಅವರ ಕೈಯಿಂದಲೇ.

ಆ ಪಾಯಿಂಟ್ ಹೇಗೆ ಕೆಲಸ ಮಾಡುತ್ತೆ ಅಂತ ನೋಡಿದರೆ ಅದರ ಕಷ್ಟವೂ ಅರ್ಥ ಆಗುತ್ತೆ. ಡಿಸ್ಟ್ರಿಬ್ಯೂಟರ್ ಒಳಗಿರುವ ಎರಡು ಸಣ್ಣ ಲೋಹದ ಬೊಟ್ಟುಗಳು. ಅವು ಕೂಡಿರುವಾಗ ಕಾಯಿಲ್‌ನಲ್ಲಿ ಕರೆಂಟ್ ಹರಿಯುತ್ತೆ, ಬಿಟ್ಟುಕೊಂಡ ಕ್ಷಣ ಕಾಯಿಲ್ ಸಾವಿರಾರು ವೋಲ್ಟ್ ಹುಟ್ಟಿಸಿ ಪ್ಲಗ್‌ಗೆ ಕಳಿಸುತ್ತೆ. ನಾಲ್ಕು ಸಿಲಿಂಡರ್ ಎಂಜಿನ್ ನಿಮಿಷಕ್ಕೆ 3000 ಸುತ್ತು ಓಡುತ್ತಿದ್ದರೆ ಸೆಕೆಂಡಿಗೆ 100 ಸಲ ಈ ಬೊಟ್ಟುಗಳು ಬಿಟ್ಟು ಕೂಡಬೇಕು. ಪ್ರತಿ ಸಲವೂ ಸ್ವಲ್ಪ ಸುಡುತ್ತವೆ. ತಿರುಗುತ್ತಾ ಅವನ್ನು ಬಿಡಿಸುವ ಕ್ಯಾಮ್ ಮೇಲೆ ಉಜ್ಜುವ ಪಾಯಿಂಟಿನ ಹಿಮ್ಮಡಿಯೂ ಸವೆಯುತ್ತೆ. ಹಿಮ್ಮಡಿ ಸವೆದ ಹಾಗೆ ಬೊಟ್ಟುಗಳ ನಡುವಿನ ಗ್ಯಾಪ್ ಮುಚ್ಚುತ್ತಾ ಬರುತ್ತೆ, ಟೈಮಿಂಗ್ ಹಿಂದೆ ಬೀಳುತ್ತೆ, ಅಂದರೆ ಕಿಡಿ ತಡವಾಗಿ ಬೀಳುತ್ತೆ, ಪಿಕಪ್ ಹೋಗುತ್ತೆ, ಎಂಜಿನ್ ಬಿಸಿ ಆಗುತ್ತೆ. ಇದು ಒಂದೇ ದಿನಕ್ಕೆ ಆಗುವುದಲ್ಲ. ಹಾಗಾಗಿ ಓಡಿಸುವವನಿಗೆ ಗೊತ್ತೇ ಆಗುವುದಿಲ್ಲ.

ಗ್ಯಾಪ್ ಇರಬೇಕಾದ್ದು 0.015 ಇಂಚು, ಅಂದರೆ 0.38 ಮಿಲಿಮೀಟರ್. ಅಪ್ಪನ ಹತ್ತಿರ ಅದನ್ನು ಅಳೆಯುವ ತೆಳು ಪಟ್ಟಿ, ಫೀಲರ್ ಗೇಜ್, ಇರಲಿಲ್ಲ. ಹಳೇ ಮದುವೆ ಕಾಗದದ ದಪ್ಪ ಅಂಚನ್ನು ಕತ್ತರಿಸಿ ಡ್ಯಾಶ್‌ಬೋರ್ಡ್ ಪೆಟ್ಟಿಗೆಯಲ್ಲಿ ಇಟ್ಟುಕೊಂಡಿದ್ದರು. ಡಿಸ್ಟ್ರಿಬ್ಯೂಟರ್ ಕ್ಯಾಪಿನ ಎರಡು ಕ್ಲಿಪ್ ಬಿಚ್ಚಿ, ಒಳಗೆ ತಿರುಗುವ ರೋಟರ್ ಎತ್ತಿ, ಪಾಯಿಂಟನ್ನು ಎಮೆರಿ ಪೇಪರ್‌ನಿಂದ ಎರಡು ಸಲ ಉಜ್ಜಿ, ಆ ಕಾಗದದ ಚೂರು ಸ್ವಲ್ಪ ಹಿಡಿದುಕೊಂಡು ಜಾರುವ ಹಾಗೆ ಸ್ಕ್ರೂ ಬಿಗಿ ಮಾಡುತ್ತಿದ್ದರು. ನಾನು ಟಾರ್ಚ್ ಹಿಡಿಯುವವನು. ಈಗಲೂ ಆ ಚೂರು ಕಾರಿನಲ್ಲೇ ಇದೆ. ಒಂದು ಮೂಲೆಯಲ್ಲಿ ಅರಿಶಿನ, ಉಳಿದದ್ದೆಲ್ಲ ಗ್ರೀಸ್.

ಅಪ್ಪ ಹೋದ ಮೇಲೂ ನಾನು ಎಂಟು ವರ್ಷ ಪಾಯಿಂಟ್‌ನಲ್ಲೇ ಓಡಿಸಿದೆ. ತೊಂದರೆ ಶುರುವಾಗಿದ್ದು ಪಾಯಿಂಟ್‌ನಿಂದ ಅಲ್ಲ, ಕಂಡೆನ್ಸರ್‌ನಿಂದ. ಬೆರಳಿನ ಗೆಣ್ಣಿನಷ್ಟು ಇರುವ ಸಾಮಾನು ಅದು. ಪಾಯಿಂಟ್ ಬಿಟ್ಟುಕೊಳ್ಳುವಾಗ ಅಲ್ಲಿ ಕಿಡಿ ಹಾರದ ಹಾಗೆ ನೋಡಿಕೊಳ್ಳುವುದು ಅದರ ಕೆಲಸ. ಅಪ್ಪನ ಕಾಲದಲ್ಲಿ ಒಂದು ಕಂಡೆನ್ಸರ್ ವರ್ಷಾನುಗಟ್ಟಲೆ ಬರುತ್ತಿತ್ತು. ಈಗ ಅಂಗಡಿಯಲ್ಲಿ ಸಿಗುವುದನ್ನು ನಂಬಿ ನಾನು ಮೂರು ಸಲ ಕೆಟ್ಟೆ. ಕೊನೆಯದು ಉಡುಪಿಯಿಂದ ಬರುವಾಗ ಆಗುಂಬೆ ಘಾಟಿಯಲ್ಲಿ, ಅಮ್ಮನನ್ನು ಆಸ್ಪತ್ರೆಗೆ ತೋರಿಸಿಕೊಂಡು ವಾಪಸ್ ಬರುತ್ತಿದ್ದ ದಿನ. 14 ತಿರುವುಗಳಲ್ಲಿ ಅರ್ಧ ಹತ್ತಿದ್ದೆವೇನೋ, ಎಂಜಿನ್ ಮಿಸ್ ಹೊಡೆಯಲು ಶುರು ಮಾಡಿತು, ಮುಂದಿನ ತಿರುವಿನಲ್ಲಿ ಆಫ್. ಸಂಜೆಗತ್ತಲು. ತಮ್ಮ ಸೆಲ್ಫ್ ಹೊಡೆದ, ನಾನು ಕ್ಯಾಪ್ ತೆಗೆದು ನೋಡಿದೆ. ಪಾಯಿಂಟ್ ಮಧ್ಯೆ ನೀಲಿ ಕಿಡಿ ಚಿಟಪಟ ಅನ್ನುತ್ತಿತ್ತು. ಕಂಡೆನ್ಸರ್ ಸತ್ತಿದೆ ಅಂತ ಅದರ ಅರ್ಥ. ಜೊತೆಗಿದ್ದ ಹೊಸ ಕಂಡೆನ್ಸರ್ ಹಾಕಿದರೆ ಎಂಜಿನ್ ಹಿಡಿದುಕೊಂಡಿತು, ಎರಡು ತಿರುವು ಹತ್ತಿತು, ಬಿಸಿ ಆದ ತಕ್ಷಣ ಮತ್ತೆ ನಿಂತಿತು. ಪುಣ್ಯಾತ್ಮರೊಬ್ಬರು ಜೀಪಿಗೆ ಹಗ್ಗ ಕಟ್ಟಿ ಮೇಲಕ್ಕೆ ಎಳೆದುಕೊಟ್ಟರು. ಅಷ್ಟು ಹೊತ್ತೂ ಅಮ್ಮ ಹಿಂದಿನ ಸೀಟಿನಲ್ಲಿ ಒಂದು ಮಾತೂ ಆಡದೆ ಕೂತಿದ್ದರು. ಮನೆಗೆ ಬಂದ ಮೇಲೆ ಇಷ್ಟೇ ಹೇಳಿದರು, ಇನ್ನು ಈ ಕಾರಿನಲ್ಲಿ ನಾನು ಘಾಟಿ ಇಳಿಯಲ್ಲ ಅಂತ.

ಆಮೇಲೆ ನಾಲ್ಕು ತಿಂಗಳು ಕಾರು ಕೊಟ್ಟಿಗೆಯಲ್ಲೇ ನಿಂತಿತ್ತು. ಪತ್ರ ಬರೆದವರು ಇದನ್ನು ಯೋಚನೆ ಮಾಡಬೇಕು. ಎಲ್ಲಾ ಒರಿಜಿನಲ್ ಆಗಿಟ್ಟು ಕೊಟ್ಟಿಗೆಯಲ್ಲಿ ಟೈರ್ ಕುಸಿದು ಕೂತ ಕಾರಿನಿಂದ ಯಾರಿಗೆ ಏನು ಸಿಕ್ಕಿತು?

ಆ ಮೇಲೆ ಮೈಸೂರಿನ ಗೆಳೆಯರೊಬ್ಬರು ಹೇಳಿದ ಮೇಲೆ ಎಲೆಕ್ಟ್ರಾನಿಕ್ ಕಿಟ್ ತರಿಸಿದೆ. ನಮ್ಮ ಎಂಜಿನ್ ಇಂಗ್ಲೆಂಡಿನ ಬಿಎಂಸಿ ಕಂಪನಿಯ ಬಿ ಸೀರೀಸ್, ಎಂಜಿ ಕಾರುಗಳಲ್ಲೂ ಇದೇ ವಂಶದ ಎಂಜಿನ್ ಇತ್ತು. ಹಾಗಾಗಿ ಆ ಲ್ಯೂಕಾಸ್ ಡಿಸ್ಟ್ರಿಬ್ಯೂಟರ್‌ಗೆ ಆಗುವ ಕಿಟ್ ಹುಡುಕುವುದು ಕಷ್ಟ ಆಗಲಿಲ್ಲ. ಪಾಯಿಂಟ್ ಮತ್ತು ಕಂಡೆನ್ಸರ್ ತೆಗೆದು ಅದೇ ಜಾಗದಲ್ಲಿ, ಅದೇ ಸ್ಕ್ರೂ ತೂತಿಗೆ ಒಂದು ಸಣ್ಣ ಮಾಡ್ಯೂಲ್ ಕೂರಿಸುವುದು. ಕ್ಯಾಮ್ ಮೇಲೆ ನಾಲ್ಕು ಅಯಸ್ಕಾಂತ ಇರುವ ಒಂದು ಬಳೆ ತೊಡಿಸಿ ಅದರ ಮೇಲೆ ರೋಟರ್. ಅಯಸ್ಕಾಂತ ಎದುರಿಗೆ ಬಂದಾಗ ಮಾಡ್ಯೂಲ್‌ಗೆ ಗೊತ್ತಾಗುತ್ತೆ, ಅದು ಕಾಯಿಲ್‌ನ ಕರೆಂಟ್ ಕಡಿಯುತ್ತೆ. ಒಂದಕ್ಕೊಂದು ತಾಗುವುದೇ ಇಲ್ಲ, ಹಾಗಾಗಿ ಸವೆಯುವ ಮಾತೂ ಇಲ್ಲ. ಎರಡು ವೈರು ಹೊರಗೆ ಬರುತ್ತವೆ, ಕೆಂಪು ಕಾಯಿಲ್‌ನ ಪ್ಲಸ್‌ಗೆ, ಕಪ್ಪು ಮೈನಸ್‌ಗೆ. ಕ್ಯಾಪ್ ಮುಚ್ಚಿದ ಮೇಲೆ ಹೊರಗಿನಿಂದ ನೋಡಿದರೆ ಏನೂ ಗೊತ್ತಾಗಲ್ಲ. ಕಾರಿಗೆ ಎಲ್ಲೂ ಡ್ರಿಲ್ ಹಾಕಿಲ್ಲ, ಏನನ್ನೂ ಕತ್ತರಿಸಿಲ್ಲ. ಹಳೆ ಪಾಯಿಂಟ್ ವಾಪಸ್ ಹಾಕಬೇಕು ಅಂದರೆ ಅರ್ಧ ಗಂಟೆ ಸಾಕು. ಇದನ್ನು ಎಂಜಿನ್ ಬದಲಾವಣೆ ಅನ್ನೋದು ಸರಿನಾ?

ಇನ್ನೊಂದು ಮಾತು. ಇದೇನೂ ನಿನ್ನೆ ಮೊನ್ನೆ ಬಂದ ತಂತ್ರ ಅಲ್ಲ. ಅಮೆರಿಕದ ಕ್ರೈಸ್ಲರ್ ಕಂಪನಿ 1973ರ ಮಾಡೆಲ್‌ಗಳಲ್ಲಿ ಅಲ್ಲಿನ ತನ್ನ ಎಲ್ಲಾ ಕಾರುಗಳಿಗೂ ಎಲೆಕ್ಟ್ರಾನಿಕ್ ಇಗ್ನಿಷನ್ ಕೊಟ್ಟಿತ್ತು. ನಮ್ಮ ಕಾರಿಗೂ ಅದಕ್ಕೂ ಹೆಚ್ಚುಕಡಿಮೆ ಒಂದೇ ವಯಸ್ಸು.

ಹಾಗಂತ ಕಿಟ್ ಹಾಕಿದರೆ ಎಲ್ಲಾ ಸರಿಹೋಗುತ್ತೆ ಅಂತ ನಾನು ಹೇಳಲ್ಲ. ಮೈಲೇಜ್ ಏರುತ್ತೆ, ಪವರ್ ಬರುತ್ತೆ ಅಂತ ಮಾರುವವರು ಹೇಳುತ್ತಾರೆ. ಪಾಯಿಂಟ್ ಚೆನ್ನಾಗಿ ಸೆಟ್ ಮಾಡಿದ್ದ ದಿನಕ್ಕೂ ಈಗಿನದಕ್ಕೂ ನನಗೆ ಅಂಥ ವ್ಯತ್ಯಾಸ ಕಾಣಲಿಲ್ಲ. ವ್ಯತ್ಯಾಸ ಏನಪ್ಪಾ ಅಂದರೆ, ಮೊದಲ ದಿನ ಹೇಗಿತ್ತೋ ಆರು ತಿಂಗಳ ಮೇಲೂ ಹಾಗೇ ಇರುತ್ತೆ. ಮಳೆಗಾಲದಲ್ಲಿ ಕ್ಯಾಪ್ ಒಳಗೆ ನೀರಿನ ಪಸೆ ಕೂತರೆ ಈಗಲೂ ಮಿಸ್ ಹೊಡೆಯುತ್ತೆ, ಒಣ ಬಟ್ಟೆಯಲ್ಲಿ ಒರೆಸಲೇಬೇಕು. ಡಿಸ್ಟ್ರಿಬ್ಯೂಟರ್ ಶಾಫ್ಟ್ ಹಿಡಿದು ಅಲ್ಲಾಡಿಸಿದಾಗ ಲೊಡಲೊಡ ಅಂದರೆ ಮೊದಲು ಬುಷ್ ಬದಲಾಯಿಸಿ, ಆಮೇಲೆ ಕಿಟ್ ಮಾತು. ಒಳಗಿನ ಸಣ್ಣ ಅರ್ಥ್ ವೈರ್ ನೋಡಿ. ನಮ್ಮದರಲ್ಲಿ ಬಟ್ಟೆ ಹೊದಿಕೆಯ ಒಳಗೇ ಎಳೆ ಕಡಿದುಹೋಗಿತ್ತು, ಹೊರಗೆ ನೋಡಿದರೆ ಚೆನ್ನಾಗೇ ಇತ್ತು. ಕಾಯಿಲ್‌ನ ಓಮ್ಸ್ (ಕರೆಂಟ್ ತಡೆಯುವ ಶಕ್ತಿ) ಅಳೆಸಿ, ಕಿಟ್‌ನವರು ಹೇಳಿದ್ದಕ್ಕಿಂತ ಕಡಿಮೆ ಇದ್ದರೆ ಮಾಡ್ಯೂಲ್ ಸುಡುತ್ತೆ. ಹಳೇ ಇಂಗ್ಲಿಷ್ ಕಾರುಗಳಲ್ಲಿ ಬ್ಯಾಟರಿಯ ಮೈನಸ್ ಬದಲು ಪ್ಲಸ್ಸನ್ನು ಕಾರಿನ ಬಾಡಿಯ ಜೊತೆ ಸೇರಿಸಿ ಅರ್ಥ್ ಮಾಡಿರುವುದೂ ಇದೆ, ಅದಕ್ಕೆ ಬೇರೆಯೇ ಕಿಟ್. ಮುಖ್ಯವಾಗಿ, ಎಂಜಿನ್ ಆಫ್ ಆಗಿದ್ದಾಗ ಕೀ ಆನ್‌ನಲ್ಲಿ ಬಿಡಬೇಡಿ. ನನ್ನ ಮೊದಲ ಮಾಡ್ಯೂಲ್ ಹೋಗಿದ್ದು ಹಾಗೇ. ಗ್ಯಾರೇಜಿನ ಹುಡುಗ ಹಾರ್ನ್ ರಿಪೇರಿ ಮಾಡುತ್ತಾ ಒಂದು ಗಂಟೆ ಕೀ ಆನ್ ಮಾಡಿಟ್ಟಿದ್ದ. ಅವನಿಗೆ ಹೇಳದೇ ಇದ್ದಿದ್ದು ನನ್ನದೇ ತಪ್ಪು.

ಹಳೆ ಪಾಯಿಂಟ್, ಕಂಡೆನ್ಸರ್ ಎಸೆಯಬೇಡಿ. ಸ್ಕ್ರೂ ಸಮೇತ ಒಂದು ಡಬ್ಬಿಯಲ್ಲಿ ಡಿಕ್ಕಿಯಲ್ಲೇ ಇಡಿ. ಮಾಡ್ಯೂಲ್ ದಾರಿಯಲ್ಲಿ ಸತ್ತರೆ ಅದನ್ನು ಉಜ್ಜಿ ಓಡಿಸಲು ಬರಲ್ಲ. ಪಾಯಿಂಟ್‌ನಲ್ಲಿ ಆ ಅನುಕೂಲ ಇತ್ತು, ಅದನ್ನು ನಾನೂ ಒಪ್ಪುತ್ತೇನೆ.

ಕೊನೆಯದಾಗಿ ಸಾರಿಗೆ ಇಲಾಖೆಗೆ ಒಂದು ಕೋರಿಕೆ, ನಿಮ್ಮ ಪತ್ರಿಕೆ ಮೂಲಕ. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆ ಬೇರೆ ನೋಂದಣಿ ನಿಯಮ ತಂದಿತು. 50 ವರ್ಷ ದಾಟಿರಬೇಕು, ನಂಬರ್ ಪ್ಲೇಟ್‌ನಲ್ಲಿ ವಿಎ ಅಕ್ಷರ ಇರುತ್ತೆ, ಹೊಸ ನೋಂದಣಿಗೆ 20,000 ರೂಪಾಯಿ, ಅದು 10 ವರ್ಷ ನಡೆಯುತ್ತೆ. ಜೊತೆಗೆ ವಾಹನ ಮೂಲ ರೂಪದಲ್ಲೇ ಇರಬೇಕು, ಚಾಸಿ, ಬಾಡಿ, ಎಂಜಿನ್‌ನಲ್ಲಿ ದೊಡ್ಡ ಬದಲಾವಣೆ ಆಗಿರಬಾರದು ಅಂತ ಇದೆ. ಒಳ್ಳೆ ನಿಯಮವೇ. ಅಂಬಾಸಿಡರ್‌ಗೆ ಯಾವುದೋ ಡೀಸೆಲ್ ಎಂಜಿನ್ ತುರುಕಿ ವಿಂಟೇಜ್ ಅಂತ ತಂದರೆ ಯಾರು ಒಪ್ಪುತ್ತಾರೆ? ಆದರೆ ಕ್ಯಾಪಿನ ಒಳಗಿನ ಈ ಸಣ್ಣ ಮಾಡ್ಯೂಲ್ ಕೂಡ ಎಂಜಿನ್ ಬದಲಾವಣೆ ಲೆಕ್ಕಕ್ಕೆ ಬರುತ್ತಾ? ನೋಂದಣಿ ಕೆಲಸ ಮಾಡಿಸಿಕೊಡುವ ಒಬ್ಬರು ನನಗೆ ಬರುತ್ತೆ ಅಂದರು, ಇನ್ನೊಬ್ಬರು ಬರಲ್ಲ ಅಂದರು. ವಾಪಸ್ ಬಿಚ್ಚಬಹುದಾದ, ಹಳೆ ಬಿಡಿಭಾಗಗಳು ಮಾಲೀಕರ ಹತ್ತಿರವೇ ಇರುವ ಇಗ್ನಿಷನ್ ಕಿಟ್ ಬದಲಾವಣೆ ಅನ್ನಿಸಿಕೊಳ್ಳಲ್ಲ ಅಂತ ಇಲಾಖೆ ಒಂದು ಸಾಲಿನಲ್ಲಿ ಸ್ಪಷ್ಟ ಮಾಡಿದರೆ ನನ್ನಂಥವರಿಗೆ ದೊಡ್ಡ ಉಪಕಾರ. ತಪಾಸಣೆಯ ದಿನ ಬೇಕಾದರೆ ಅಧಿಕಾರಿಗಳ ಎದುರೇ ಕ್ಯಾಪ್ ಬಿಚ್ಚಿ ತೋರಿಸುತ್ತೇನೆ, ಹಳೆ ಪಾಯಿಂಟ್ ಇರುವ ಡಬ್ಬಿಯನ್ನೂ ತರುತ್ತೇನೆ.

ಕಿಟ್ ಹಾಕಿ ಎರಡು ವರ್ಷ ಆಯಿತು. ಹೋದ ತಿಂಗಳು ಅಮ್ಮ ತಾವಾಗಿಯೇ ಕಾರು ಹತ್ತಿದರು. ಆಗುಂಬೆ ಘಾಟಿ ಇಳಿದು, ಸಂಜೆ ಹತ್ತಿ ಬಂದೆವು.

ಇಂತಿ,
ನಿಮ್ಮ ಓದುಗ
ತೀರ್ಥಹಳ್ಳಿ