ಪ್ರೂಫ್ ರಾಯರಿಗೆ, ಮತ್ತು ಉಳಿದೆಲ್ಲರಿಗೆ

‘ಪ್ರಜಾವಾಣಿ’ಯ ಮೊದಲ ಇಪ್ಪತ್ತೈದು ವರ್ಷಗಳ ಕಲಾ ಬರಹಗಳನ್ನು ಕುರಿತ ನನ್ನ ಸಂಶೋಧನ ಪ್ರಬಂಧ ಕಳೆದ ವಾರ ಅಂಗೀಕೃತವಾಯಿತು. ಮಾರ್ಗದರ್ಶಕರಿಗೆ, ಹಳೆಯ ಸಂಪುಟಗಳ ಧೂಳು ಕೊಡವಿ ಮೇಜಿಗೆ ತಂದಿಟ್ಟ ಗ್ರಂಥಾಲಯದ ಸಿಬ್ಬಂದಿಗೆ, ಮನೆಯವರಿಗೆ ಮತ್ತು ಗೆಳತಿಯರಿಗೆ ನನ್ನ ವಂದನೆಗಳು. ನಿಮ್ಮ ಪಾಲಿಗೆ ಒಂದೇ ವಾಕ್ಯ ಬಂದಿತೆಂದು ನೀವು ಬೇಸರಪಡಲಾರಿರಿ. ಉಳಿದ ಮಾತು ಯಾರಿಗೆ ಸಲ್ಲಬೇಕೆಂದು ನಿಮಗೂ ಗೊತ್ತು.

ನಾವೆಲ್ಲ ‘ಪ್ರೂಫ್ ರಾಯರು’ ಎಂದು ಕರೆಯುವ ಆ ಹಿರಿಯರು ಮೊಳೆ ಜೋಡಿಸುವ ಕಾಲದ ಮುದ್ರಣಾಲಯವೊಂದರಲ್ಲಿ ಕರಡು ತಿದ್ದಿದವರು. 1948ರಲ್ಲಿ ಆರಂಭವಾದ ‘ಪ್ರಜಾವಾಣಿ’ಗೆ ಸ್ವತಃ ನಾಟಕಕಾರರಾದ ಬಿ. ಪುಟ್ಟಸ್ವಾಮಯ್ಯನವರೇ ಮೊದಲ ಸಂಪಾದಕರಾಗಿದ್ದರು. ಆದರೂ ನಾನು ಹುಡುಕಿದ ಕೆಲವು ಪ್ರದರ್ಶನಗಳ ವಿಮರ್ಶೆ ಸಂಪುಟಗಳಲ್ಲಿ ಸಿಗದಿದ್ದುದರಿಂದ, ರಂಗಭೂಮಿಯನ್ನು ಪತ್ರಿಕೆ ಕಡೆಗಣಿಸಿತೆಂದು ಮೊದಲ ಕರಡಿನಲ್ಲಿ ಬರೆದುಬಿಟ್ಟಿದ್ದೆ. ರಾಯರು ಆ ವಾಕ್ಯದ ಕೆಳಗೆ ಗೆರೆ ಎಳೆದು, “ನೀನು ಓದಿದ್ದು ಯಾವ ಆವೃತ್ತಿಯಮ್ಮ?” ಎಂದು ಕೇಳಿದರು. ದೂರದ ಊರುಗಳಿಗೆ ಹೋಗುವ ಪತ್ರಿಕೆಯನ್ನು ಮೊದಲೇ ಅಚ್ಚು ಹಾಕಿ ಗಾಡಿಗೆ ಏರಿಸಬೇಕು. ರಾತ್ರಿ ತಡವಾಗಿ ಮುಗಿದ ನಾಟಕದ ಸುದ್ದಿಗೆ ಜಾಗ ಸಿಕ್ಕರೂ ಅದು ನಗರದ ಕೊನೆಯ ಆವೃತ್ತಿಯಲ್ಲಿ ಮಾತ್ರ. ಸಂಪುಟದಲ್ಲಿ ಉಳಿಯುವುದು ಒಂದೇ ಆವೃತ್ತಿ ಎಂಬುದು ನನಗೆ ಹೊಳೆದೇ ಇರಲಿಲ್ಲ. ಬೆಂಗಳೂರಿನ ರಂಗಮಂದಿರ ರವೀಂದ್ರ ಕಲಾಕ್ಷೇತ್ರ ತೆರೆದ 1963ರಿಂದ ಅದೇ ಅಂಗಳದಲ್ಲಿ ರಂಗನಿರ್ದೇಶಕ ಬಿ.ವಿ. ಕಾರಂತರ ಬಯಲು ನಾಟಕಗಳು ನಡೆದ 1972ರವರೆಗಿನ ಸಂಚಿಕೆಗಳನ್ನು ಮತ್ತೆ ಮೊದಲಿನಿಂದ ಓದಿದೆ. (ಆ ನಾಟಕೋತ್ಸವದ ಬೆನ್ನಿಗಿದ್ದ ‘ಪ್ರತಿಮಾ ನಾಟಕ ರಂಗ’ ತಂಡದ ವೈಎನ್ಕೆಯವರು (ವೈ.ಎನ್. ಕೃಷ್ಣಮೂರ್ತಿ) ‘ಪ್ರಜಾವಾಣಿ’ಯ ಪತ್ರಕರ್ತರೇ ಆಗಿದ್ದರೆಂಬುದನ್ನು ನೆನೆದರೆ, ‘ಕಡೆಗಣನೆ’ ಎಂಬ ನನ್ನ ಪದಕ್ಕೆ ಈಗ ನಗು ಬರುತ್ತದೆ.)

ಆ ರಾತ್ರಿಯ ಮಾತು ಹೇಳದೆ ಇರಲಾರೆ. ಕಂಪ್ಯೂಟರು ಕೆಟ್ಟು ಎರಡು ಅಧ್ಯಾಯಗಳು ಅಳಿಸಿಹೋಗಿದ್ದವು. ಆ ತಿಂಗಳು ಮನೆಯಲ್ಲಿ ಏನಾಗಿತ್ತೆಂಬುದು ನಿಮಗೆ ತಿಳಿದೇ ಇದೆ. ಉಳಿದಿದ್ದುದು ಚಪ್ಪಲಿ ಡಬ್ಬಿಯ ತುಂಬ ನನ್ನ ಕೈಬರಹದ ಚೀಟಿಗಳು. ರಾಯರು ಭೂತಗನ್ನಡಿ ಹಿಡಿದು ಒಂದೊಂದೇ ಚೀಟಿಯನ್ನು, ಪ್ರೂಫ್ ಕೋಣೆಯ ಹಳೆಯ ರೂಢಿಯಂತೆ “ಅಲ್ಪವಿರಾಮ”, “ಪೂರ್ಣವಿರಾಮ” ಎಂದು ಚಿಹ್ನೆಗಳನ್ನೂ ಬಿಡದೆ ಗಟ್ಟಿಯಾಗಿ ಓದುತ್ತ ಹೋದರು, ನಾನು ಬೆರಳಚ್ಚು ಮಾಡುತ್ತ ಹೋದೆ. ಮೂರು ಗಂಟೆಯ ಹೊತ್ತಿಗೆ, ಅಪ್ಪನ ಅಕ್ಷರದಲ್ಲಿದ್ದ ಒಂದು ಚೀಟಿ ಬಂತು. ನನ್ನ ಕೈ ನಿಂತಿತು. ಅತ್ತೆ, ತುಂಬ ಹೊತ್ತು ಅತ್ತೆ. ಅವರು ಸಮಾಧಾನ ಹೇಳಲಿಲ್ಲ, ಎದ್ದೂ ಹೋಗಲಿಲ್ಲ. ಕನ್ನಡಿಯನ್ನು ಪಂಚೆಯ ಅಂಚಿನಲ್ಲಿ ಒರೆಸಿ, ಆ ಚೀಟಿಯನ್ನು ಎರಡನೆಯ ಸಲ ನಿಧಾನವಾಗಿ ಓದಿದರು. ಆ ಅಧ್ಯಾಯ ಬೆಳಗಿನ ಹೊತ್ತಿಗೆ ಮುಗಿಯಿತು.

ಮೊನ್ನೆ ಪ್ರಬಂಧದ ಪ್ರತಿಯನ್ನು ಅವರ ಕೈಗಿಟ್ಟು ನಮಸ್ಕರಿಸಿದಾಗ, ಅವರು ಅರ್ಪಣೆಯ ಪುಟವನ್ನೇ ತೆರೆದು, ಅವರ ಹೆಸರಿನಲ್ಲೇ ಒಂದು ಒತ್ತಕ್ಷರ ಬಿಟ್ಟುಹೋಗಿರುವುದನ್ನು ತೋರಿಸಿ, ಜೇಬಿನಿಂದ ಕೆಂಪು ಪೆನ್ನು ತೆಗೆದರು.