ಕಲ್ಲೂರು ದಾಟಿದ ಮೇಲೆ ಬಂದ ಬಸ್ಸು

ಸಿಂಧನೂರು,
ಭಾನುವಾರ

ಚಿರಂಜೀವಿ ಮಗಳಿಗೆ ಅಪ್ಪನ ಆಶೀರ್ವಾದಗಳು.

ನೀನು ರಾತ್ರಿ ಬಸ್ಸಿಗೆ ಹೋದಾಗಿನಿಂದ ನಿಮ್ಮವ್ವ ನನ್ನ ಜೊತೆ ಸರಿಯಾಗಿ ಮಾತಾಡಿಲ್ಲ. ನಿನಗೆಂದು ಕಟ್ಟಿದ್ದ ಬುತ್ತಿ ಕಟ್ಟೆಯ ಮೇಲೆ ಹಾಗೇ ಉಳಿದಿತ್ತು. ಮರುದಿನ ಬೆಳಿಗ್ಗೆ ಆ ರೊಟ್ಟಿ, ಪುಂಡಿಪಲ್ಯವನ್ನೇ ನನ್ನ ತಾಟಿಗೆ ಹಾಕಿ ಒಳಗೆ ಹೋದಳು. ಫೋನ್ ಮಾಡಿದರೆ ನನ್ನ ದನಿ ಮತ್ತೆ ಏರುತ್ತದೆ, ಅದು ನನಗೆ ಗೊತ್ತು. ಅದಕ್ಕೇ ಬರೆಯುತ್ತಿದ್ದೇನೆ.

ಜಗಳ ಎಲ್ಲಿ ಶುರುವಾಯಿತು, ಯಾರು ಮೊದಲು ಏನಂದರು ಎಂಬುದು ಇಬ್ಬರಿಗೂ ಗೊತ್ತಿರುವ ಸಂಗತಿ, ಬಿಡು. ‘ರೊಕ್ಕದ ಸೊಕ್ಕು’ ಅಂದೆನಲ್ಲ, ಆ ಮಾತನ್ನು ವಾಪಸ್ ತೆಗೆದುಕೊಂಡಿದ್ದೇನೆ. ಅದು ನೀನು ಹಗಲು ರಾತ್ರಿ ದುಡಿದ ರೊಕ್ಕ. ನಮ್ಮ ಹಳೇ ಫಿಯೆಟ್ ಬದಲಿಗೆ ಅಪ್ಪನಿಗೆ ಒಂದು ಹೊಸ ಕಾರು ಕೊಡಿಸಬೇಕು ಎಂದು ಬಂದ ಮಗಳಿಗೆ ಅಂಥ ಮಾತು ಆಡಬಾರದಿತ್ತು. ಆದರೆ ನೀನು ಆಡಿದ ಎರಡು ಮಾತು ನನ್ನ ಎದೆಯಲ್ಲಿ ಕೂತುಬಿಟ್ಟಿವೆ.

ಮೊದಲನೆಯದು: “ಅಪ್ಪಾ, ಫಿಯೆಟ್‌ನವ್ರು ಈ ದೇಶದಾಗ ಕಾರ್ ಮಾರೋದ ಬಿಟ್ಟಾರ. ನೀ ಯಾರಿಗೆ ನಿಯತ್ತಿಲೆ ಇದ್ದಿ?”

ಎರಡನೆಯದು: “ಕಲ್ಲೂರಿನ ಕಥಿ ಇನ್ನ ಮ್ಯಾಲೆ ಯಾರ ಮುಂದೂ ಹೇಳಬ್ಯಾಡ.”

ಎರಡನೆಯದಕ್ಕೆ ಆಮೇಲೆ ಬರುತ್ತೇನೆ. ಮೊದಲನೆಯದಕ್ಕೆ ಅವತ್ತು ನನ್ನ ಹತ್ತಿರ ಉತ್ತರ ಇರಲಿಲ್ಲ, ಸಿಟ್ಟು ಮಾತ್ರ ಇತ್ತು. ಈ ನಾಲ್ಕು ದಿನ ಅದನ್ನೇ ವಿಚಾರ ಮಾಡಿದ್ದೇನೆ.

ನಮ್ಮ ಕಾರಿನ ಮುಂದೆ ಹೋಗಿ ನೋಡು, ಎಲ್ಲಿಯೂ ಫಿಯೆಟ್ ಎಂಬ ಹೆಸರಿಲ್ಲ. ಇಟಲಿಯವರ ಫಿಯೆಟ್ 1100 ಡಿಲೈಟ್ ಗಾಡಿಯನ್ನು 1964ರಿಂದ ಮುಂಬೈಯ ಕುರ್ಲಾದಲ್ಲಿ ಪ್ರೀಮಿಯರ್ ಕಂಪನಿ ತಯಾರಿಸುತ್ತಿತ್ತು. ಎಪ್ಪತ್ತರ ದಶಕದಲ್ಲಿ ಆ ಹೆಸರು ಹೋಗಿ ಅದು ಪ್ರೀಮಿಯರ್ ಪದ್ಮಿನಿ ಆಯಿತು. ಆದರೂ ಸಿಂಧನೂರಿನಲ್ಲಾಗಲಿ ರಾಯಚೂರಿನಲ್ಲಾಗಲಿ ಅದನ್ನು ಪದ್ಮಿನಿ ಎಂದು ಕರೆದವರನ್ನು ನಾನು ನೋಡಿಲ್ಲ. ‘ಡಾಕ್ಟರ ಫಿಯೆಟ್ ಬಂತು’, ‘ವಕೀಲರ ಫಿಯೆಟ್ ನಿಂತದ’, ಇಷ್ಟೇ. ಹೆಸರು ಅಳಿಸಿಹೋದ ಮೇಲೂ ಇಪ್ಪತ್ತೈದು ವರ್ಷ ಜನ ಆ ಹೆಸರನ್ನೇ ಹಿಡಿದಿದ್ದರು. ಹಾಗಾದರೆ ಅದು ಕಂಪನಿಗೆ ತೋರಿಸಿದ ನಿಯತ್ತು ಅಲ್ಲ, ಅಲ್ಲವೇ? ಕಂಪನಿಗೆ ನಾವು ಯಾರೆಂದೇ ಗೊತ್ತಿರಲಿಲ್ಲ.

ನಾನು ಹುಡುಗನಿದ್ದಾಗ ಊರಲ್ಲಿ ಕಾರಿಗೆ ಎರಡೇ ಕುಲ, ಅಂಬಾಸಿಡರ್ ಮತ್ತು ಫಿಯೆಟ್. ಅಂಬಾಸಿಡರ್‌ನಲ್ಲಿ ಸಾಹೇಬರು ಹಿಂದೆ ಕೂತಿರುತ್ತಿದ್ದರು, ಡ್ರೈವರ್ ಬೇರೆ. ಫಿಯೆಟ್ ಇದ್ದವರು ತಾವೇ ಓಡಿಸುತ್ತಿದ್ದರು. ಹೊಸದು ಬೇಕೆಂದರೆ ದುಡ್ಡು ಕಟ್ಟಿ ವರ್ಷಗಟ್ಟಲೆ ಸರದಿ ಕಾಯಬೇಕು. ಅಷ್ಟು ಕಾದು ತಂದ ಗಾಡಿಯನ್ನು ಯಾರಾದರೂ ಕೆಟ್ಟದ್ದು ಅಂದಾರೆ? ಅಂದರೆ ಕಾದ ವರ್ಷಗಳೆಲ್ಲ ನೀರಿಗೆ ಹೋದವು ಎಂದು ಒಪ್ಪಿಕೊಂಡ ಹಾಗೆ. ಇಂಥ ಅಭಿಮಾನದ ಒಂದು ಬೇರು ಇಲ್ಲಿದೆ ಎಂದು ನನಗೆ ಅನಿಸುತ್ತದೆ. ನಾನು ಕೊಂಡದ್ದು ಸೆಕೆಂಡ್ ಹ್ಯಾಂಡ್, 1986ರ ಮಾಡಲ್ಲು. ಕೊಂಡಾಗ ನಿನಗೆ ಎರಡು ವರ್ಷ. ಮಿಲ್ಲಿನಲ್ಲಿ ಭತ್ತದ ಲೆಕ್ಕ ಬರೆಯುವವನು ಕಾರು ತಂದ ಎಂದು ಜನ ಮಾತಾಡಿಕೊಂಡರು. ಅದೂ ಒಂದು ಬೇರು.

ಇನ್ನೊಂದು ಬೇರು ಕೈಯಲ್ಲಿದೆ. ಸ್ಟೇರಿಂಗಿನ ಪಕ್ಕದ ಹ್ಯಾಂಡ್ ಗೇರನ್ನು ಎಷ್ಟು ಮೆಲ್ಲಗೆ ಎಳೆದರೆ ಎರಡನೇ ಗೇರು ಬೀಳುತ್ತದೆ, ಚಳಿಗಾಲದ ಮುಂಜಾನೆ ಚೋಕನ್ನು ಎಷ್ಟು ಎಳೆಯಬೇಕು, ಇಂಜಿನ್ನಿನ ಟ್ಯಾಪೆಟ್ ಸದ್ದು ಯಾವಾಗ ಬದಲಾಯಿತು, ಇವು ನನಗೆ ಕಣ್ಣು ಮುಚ್ಚಿದರೂ ಗೊತ್ತಾಗುತ್ತವೆ. ಬೇರೆ ಗಾಡಿ ಇದಕ್ಕಿಂತ ಒಳ್ಳೆಯದಿರಬಹುದು, ಇದೆ ಎಂದೇ ಹೇಳುತ್ತೇನೆ. ಆದರೆ ಅದು ಯಾವಾಗ ಮುನಿಯುತ್ತದೆ, ಹೇಗೆ ರಮಿಸಬೇಕು ಎಂಬುದು ನನಗೆ ಗೊತ್ತಿಲ್ಲ. ಈ ವಯಸ್ಸಿನಲ್ಲಿ ಗೊತ್ತಿರುವ ಊನ ಗೊತ್ತಿಲ್ಲದ ಗುಣಕ್ಕಿಂತ ಹತ್ತಿರ ಅನಿಸುತ್ತದೆ, ಮಗಳೇ. ಮತ್ತೆ ಗ್ಯಾರೇಜಿನ ಚಾಚಾ. ರಂಜಾನ್ ಉಪವಾಸದಲ್ಲೂ ಬಾನೆಟ್ ಎತ್ತಿ ನಿಂತ ಮನುಷ್ಯ. ಹೈದರಾಬಾದಿಗೆ ಹೋದಾಗಲೆಲ್ಲ ನನಗಾಗಿ ಹಳೇ ಸ್ಪೇರ್ ಹುಡುಕಿ ತರುತ್ತಿದ್ದ. ಅವನು ತೀರಿಕೊಂಡ ಮೇಲೆ ಅವನ ಮಗ ನೋಡಿಕೊಳ್ಳುತ್ತಾನೆ. ‘ಯಾರಿಗೆ’ ಎಂದು ಕೇಳಿದೆಯಲ್ಲ, ಹೆಸರು ಹೇಳಬೇಕಾದರೆ ಮೊದಲು ಇವರದು ಬರುತ್ತದೆ.

ನಿನಗೆ ನೆನಪಿರಬಹುದು, ನಿನ್ನನ್ನು ಹಾಸ್ಟೆಲ್ಲಿಗೆ ಬಿಡಲು ಬಾಡಿಗೆ ಸ್ವಿಫ್ಟಿನಲ್ಲಿ ಹೋಗುವಾಗ ನಾನು ಡ್ರೈವರನಿಗೆ “ಇದರ ಡೀಸೆಲ್ ಇಂಜಿನ್ ನಮ್ಮದು” ಅಂದಿದ್ದೆ. ಅವನು ನನ್ನ ಮುಖ ನೋಡಿದ. ಸುಳ್ಳಲ್ಲ ಅದು. ಫಿಯೆಟ್‌ನ 1.3 ಲೀಟರ್ ಮಲ್ಟಿಜೆಟ್ ಇಂಜಿನ್ನೇ ಸ್ವಿಫ್ಟಿನಲ್ಲಿತ್ತು, ಟಾಟಾದ ವಿಸ್ಟಾದಲ್ಲೂ ಇತ್ತು. ಫಿಯೆಟ್ ಅಂಗಡಿ ಕಡೆ ಸುಳಿಯದವರೂ ಲಕ್ಷಗಟ್ಟಲೆ ಅದೇ ಇಂಜಿನ್ ಓಡಿಸಿದರು. ಫಿಯೆಟ್‌ನವರ ಆಮೇಲಿನ ಕಾರುಗಳು, ಪಾಲಿಯೊ, ಪುಂಟೊ, ಲಿನಿಯಾ, ಒಂದೊಂದಾಗಿ ನಿಂತುಹೋದವು. 2023ರ ಅಕ್ಟೋಬರಿನಲ್ಲಿ ಮುಂಬೈಯ ಕೊನೆಯ ಪದ್ಮಿನಿ ಟ್ಯಾಕ್ಸಿಗಳು ರಸ್ತೆ ಬಿಟ್ಟವು ಎಂದು ಪೇಪರಿನಲ್ಲಿ ಓದಿದ ದಿನ ನಾನು ಶೆಡ್ಡಿಗೆ ಹೋಗಿ ಸುಮ್ಮನೆ ಸ್ವಲ್ಪ ಹೊತ್ತು ಸೀಟಿನಲ್ಲಿ ಕೂತಿದ್ದೆ. ಯಾರದೋ ಕಂಪನಿಯ ಬಗ್ಗೆ ‘ನಮ್ಮದು’ ಎಂಬ ಮಾತು ನನ್ನ ಬಾಯಿಗೆ ಹೇಗೆ ಬಂತು ಎಂದು ಈಗ ಕೇಳಿಕೊಂಡರೆ, ಉತ್ತರ ಮತ್ತೆ ಕಲ್ಲೂರಿಗೇ ಹೋಗಿ ನಿಲ್ಲುತ್ತದೆ.

ಕಾರಿನ ಹುಚ್ಚಿರುವವರು ನಾಲ್ಕು ಜನ ಸೇರಿದರೆ ಏನು ಮಾತಾಡುತ್ತಾರೆ ಕೇಳಿದ್ದೀಯಾ? ಗಾಡಿ ಚೆನ್ನಾಗಿ ಓಡಿದ ದಿನದ ಮಾತು ಯಾರೂ ಎತ್ತುವುದಿಲ್ಲ. ಎಲ್ಲಿ ಕೈಕೊಟ್ಟಿತು, ಹೇಗೆ ಚಾಲು ಮಾಡಿದೆವು, ಅದೇ ಮಾತು. ಕೆಟ್ಟು ನಿಂತದ್ದು ಕಥೆಯಾಗುತ್ತದೆ, ಕಥೆ ಹೇಳಿದಷ್ಟೂ ಗಾಡಿ ನಮ್ಮದಾಗುತ್ತದೆ. ನನ್ನದೂ ಹಾಗೇ ಆಯಿತು. ಹದಿಮೂರು ವರ್ಷ ನಾನು ಹೇಳಿದ್ದು ಒಂದೇ ಕಥೆ, ನಿನ್ನದು. “2013ರ ಬ್ಯಾಸಗಿ. ಮಗಳ ಸಿಇಟಿ. ಕಲ್ಲೂರು ದಾಟಿ ಗಾಡಿ ನಿಂತ್ತು. ಪೈಪಿನಾಗ ಪೆಟ್ರೋಲ್ ಆವಿ ಆಗಿ ಏರ್ ಹಿಡದಿತ್ತು. ನನ್ನ ಮಗಳು ತನ್ನ ವೇಲ್ ತಗದು, ಕುಡಿಯೋ ನೀರಿನಾಗ ಅದ್ದಿ ಇಂಜಿನ್ನಿನ ಪೆಟ್ರೋಲ್ ಪಂಪಿಗೆ ಸುತ್ತಿದಳು. ಗಾಡಿ ಚಾಲು. ಹೋಗಿ ಪರೀಕ್ಷಾ ಬರದಳು!” ಎಷ್ಟು ಮದುವೆ, ಎಷ್ಟು ಗೃಹಪ್ರವೇಶ. ನಿನ್ನ ಎಂಗೇಜ್‌ಮೆಂಟಿನಲ್ಲಿ ಬೀಗರ ಮುಂದೆಯೂ ಹೇಳಿದೆ. ನೀನು ತಲೆ ತಗ್ಗಿಸಿದೆ. ನಾಚಿಕೆ ಅಂದುಕೊಂಡೆ.

ಆ ಕಥೆಯಲ್ಲಿ ನಾನು ಬಸ್ಸನ್ನು ಬಿಟ್ಟುಬಿಡುತ್ತಿದ್ದೆ.

ಬಸ್ಸು ಬಂದಿತ್ತು. ಗಾಡಿ ನಿಂತು ಹತ್ತು ನಿಮಿಷವೂ ಆಗಿರಲಿಲ್ಲ. ಮಾನ್ವಿ ಕಡೆಯಿಂದ ಬಂದ ರಾಯಚೂರು ಬಸ್ಸು, ಅಷ್ಟೇನೂ ತುಂಬಿರಲಿಲ್ಲ. ನೀನು ರಸ್ತೆಗೆ ಹೋಗಿ ಕೈ ಎತ್ತಿದೆ. ಡ್ರೈವರ್ ನಿಧಾನ ಮಾಡಿದ. ನಾನು ಬಾನೆಟ್ ಒಳಗಿಂದ ತಲೆ ಎತ್ತಿ “ಬ್ಯಾಡ ಬ್ಯಾಡ, ಈಗ ಚಾಲೂ ಆಗ್ತದ” ಅಂದು ಅವನಿಗೆ ಹೋಗು ಎಂದು ಕೈ ಮಾಡಿದೆ. ಅವನು ಹೋದ. ನೀನು ಬೇವಿನ ಮರದ ಕೆಳಗೆ ಬಂದು ನಿಂತೆ. ಹಾಲ್ ಟಿಕೆಟ್ಟನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಿಡಿದುಕೊಂಡಿದ್ದೆ. ಅದಾದ ಮೇಲೆ ನೀನು ಒಂದು ಮಾತೂ ಆಡಲಿಲ್ಲ. ವೇಲ್ ತೆಗೆದುಕೊಟ್ಟದ್ದು ಅದಕ್ಕೂ ಇಪ್ಪತ್ತು ನಿಮಿಷದ ನಂತರ.

ಯಾಕೆ ಕಳಿಸಲಿಲ್ಲ? ನಿನ್ನ ಚಿಂತೆ ಇರಲಿಲ್ಲ ಎಂದಲ್ಲ. ನೀನು ಬಸ್ಸು ಹತ್ತಿದರೆ ಗಾಡಿ ಸೋತ ಹಾಗೆ, ಗಾಡಿ ಸೋತರೆ ನಾನು ಸೋತ ಹಾಗೆ. ಆ ಹೊತ್ತಿನಲ್ಲಿ ಇದನ್ನು ಇಷ್ಟು ಸ್ಪಷ್ಟವಾಗಿ ಯೋಚಿಸಿರಲಿಲ್ಲ, ಆದರೆ ಕೈ ಅದನ್ನೇ ಮಾಡಿತು. ಮತ್ತೆ ತಪ್ಪು ಗಾಡಿಯದೂ ಅಲ್ಲ. ಪಂಪಿನ ಒಳಗಿನ ಪೊರೆ, ಡಯಾಫ್ರಮ್, ಸಡಿಲಾಗಿದೆ, ಬಿಸಿಲಿಗೆ ತಡೆಯುವುದಿಲ್ಲ ಎಂದು ಚಾಚಾ ಹದಿನೈದು ದಿನ ಮೊದಲೇ ಹೇಳಿದ್ದ, ನಾನು ಮುಂದೂಡಿದ್ದೆ. ಅವತ್ತು ಬೆಳಿಗ್ಗೆ ರಾಯಚೂರಿನಲ್ಲಿ ಗಾಡಿ ಚಂದ ಕಾಣಲಿ ಎಂದು ಅರ್ಧ ತಾಸು ತೊಳೆದು ಒರೆಸುತ್ತ ನಿಂತೆ. ನೀನು ಬಾಗಿಲಿಗೆ ಬಂದು ಎರಡು ಸಲ ಕರೆದೆ. ಆ ಅರ್ಧ ತಾಸನ್ನೂ ಕಥೆಯಲ್ಲಿ ಬಿಟ್ಟಿದ್ದೇನೆ.

ನೀನು ಒಳಗೆ ಓಡಿದಾಗ ಪ್ರಶ್ನೆಪತ್ರಿಕೆ ಹಂಚಿ ಆಗಿತ್ತು. ಫಿಸಿಕ್ಸ್, 60 ಪ್ರಶ್ನೆ, 80 ನಿಮಿಷ. ಮೊನ್ನೆ ಕೂತು ಲೆಕ್ಕ ಹಾಕಿದೆ, ಒಂದು ಪ್ರಶ್ನೆಗೆ 80 ಸೆಕೆಂಡು. ನಿನ್ನ ಹತ್ತು ನಿಮಿಷ ಹೋಗಿದ್ದರೆ ಏಳೂವರೆ ಪ್ರಶ್ನೆ. ಪೆಟ್ರೋಲ್ ವಾಸನೆಯ ಒದ್ದೆ ವೇಲ್ ಹೆಗಲ ಮೇಲೆ ಹಾಕಿಕೊಂಡು ಕೂತದ್ದಕ್ಕೆ, ಕೈ ನಡುಗಿದ್ದಕ್ಕೆ ಎಷ್ಟು ಎಂದು ಹಿಡಿಯುವುದು, ನನಗೆ ಗೊತ್ತಾಗಲಿಲ್ಲ. ನಿನಗೆ ಬೇಕಾಗಿದ್ದ ಕಾಲೇಜಿನ ಸೀಟು ಎಷ್ಟರಲ್ಲಿ ತಪ್ಪಿತು ಎಂಬುದು ಇಬ್ಬರಿಗೂ ಗೊತ್ತು. ಆಮೇಲೆ ಸಾಲ ಮಾಡಿ ಓದಿದೆ, ಆ ಸಾಲವನ್ನು ನೀನೇ ತೀರಿಸಿದೆ, ಇವತ್ತು ಹತ್ತು ಜನರ ಟೀಮಿಗೆ ದೊಡ್ಡವಳಾಗಿದ್ದೀ. ನನಗೆ ಎಷ್ಟು ಹೆಮ್ಮೆ ಎಂದು ನಿನಗೆ ಹೇಳಿದ್ದೇನೋ ಇಲ್ಲವೋ. ಊರ ಮುಂದೆ ಹೇಳಿದ್ದೇನೆ, ಅದೂ ಕಾರಿನ ಕಥೆಯಲ್ಲಿ ಸೇರಿಸಿ. ಆದರೆ ನೀನು ಗೆದ್ದದ್ದು ನನ್ನ ಹಟದಿಂದ ಅಲ್ಲ, ಅದನ್ನು ದಾಟಿಕೊಂಡು.

ನೀನು ಏಳು ವರ್ಷದಲ್ಲಿ ಮೂರು ಕಂಪನಿ ಬದಲಿಸಿದಾಗ ಒಳಗೊಳಗೇ ಬೇಸರ ಮಾಡಿಕೊಂಡಿದ್ದೆ, ಈಗಿನವರಿಗೆ ಒಂದರಲ್ಲಿ ನಿಲ್ಲುವುದು ಗೊತ್ತಿಲ್ಲ ಎಂದು. ಒಂದೇ ಮಿಲ್ಲಿನಲ್ಲಿ ಮೂವತ್ತೆರಡು ವರ್ಷ ಕೂತವನು ನಾನು. ಈಗ ಅನಿಸುತ್ತದೆ, ಯಾವಾಗ ಬಿಟ್ಟು ಹೋಗಬೇಕು ಎಂಬುದನ್ನು ನೀನು ಆ ಬೇವಿನ ಮರದ ಕೆಳಗೇ ಕಲಿತಿರಬೇಕು.

ಇನ್ನು ಕೆಲವು ಮಾತು ಹೇಳಲೇಬೇಕು, ಬೈದುಕೊಳ್ಳಬೇಡ. ನೀನು ರಾತ್ರಿ ಒಬ್ಬಳೇ ಬೆಂಗಳೂರಿನಿಂದ ಗಾಡಿ ಹೊಡೆದುಕೊಂಡು ಬರುವುದು ನನಗೆ ಸೇರುವುದಿಲ್ಲ. ಹಿರಿಯೂರು ದಾಟಿದ ಮೇಲೆ ಕಣ್ಣು ಎಳೆಯುತ್ತದೆ. ಎಳೆದರೆ ನಿಲ್ಲಿಸು, ಮುಖ ತೊಳಿ, ಅರ್ಧ ತಾಸು ತಡವಾದರೆ ಯಾರೂ ಸಾಯುವುದಿಲ್ಲ. ಟೈರಿನ ಗಾಳಿಯನ್ನು ತಣ್ಣಗಿದ್ದಾಗಲೇ ನೋಡಿಸು, ಓಡಿ ಬಿಸಿಯಾದ ಮೇಲೆ ನೋಡಿದರೆ ಲೆಕ್ಕ ತಪ್ಪುತ್ತದೆ. ಹೊಸ ಗಾಡಿಗಳಲ್ಲಿ ಎಲ್ಲವನ್ನೂ ದೀಪ ಹತ್ತಿ ಹೇಳುತ್ತದಂತೆ. ಹೇಳಲಿ, ಆದರೂ ವಾರಕ್ಕೊಮ್ಮೆ ಬಾನೆಟ್ ಎತ್ತಿ ನೋಡು. ಕೊಳ್ಳುವ ಮುಂಚೆ ಸ್ಟೆಪ್ನಿ ಇದೆಯೋ ಇಲ್ಲವೋ ಕೇಳು. ಈಗ ಕೆಲವು ಕಾರಿಗೆ ಅದನ್ನು ಕೊಡದೆ ಪಂಕ್ಚರ್ ಡಬ್ಬಿ ಕೊಟ್ಟು ಕಳಿಸುತ್ತಾರೆ. ಸ್ಟೆಪ್ನಿ ಎನ್ನುವುದೂ ಬ್ರಿಟನ್ನಿನ ವೇಲ್ಸ್ ಪ್ರಾಂತ್ಯದ ಒಂದು ಬೀದಿಯ ಹೆಸರು, ಅಲ್ಲಿ ಈ ಚಕ್ರ ಮಾಡುತ್ತಿದ್ದ ಕಂಪನಿಯಿಂದ ಬಂದದ್ದು. ಕಂಪನಿ ಹೋಗಿ ಎಷ್ಟೋ ಕಾಲವಾಯಿತು, ನಮ್ಮ ಪಂಕ್ಚರ್ ಅಂಗಡಿಯ ಹುಡುಗ ಇವತ್ತೂ ಆ ಹೆಸರು ಹೇಳುತ್ತಾನೆ. ನೋಡು, ಬುದ್ಧಿ ಹೇಳಲು ಹೋಗಿ ಎಲ್ಲಿಗೋ ಹೋದೆ.

ಗಾಡಿಯ ಖರ್ಚಿನ ಪುಸ್ತಕ ನಿನಗೆ ಗೊತ್ತಲ್ಲ, ಕೆಂಪು ಬಟ್ಟೆ ಹೊದಿಕೆಯದು. ನೀನು ಹೋದ ರಾತ್ರಿ 2013ರ ಪುಟ ತೆಗೆದೆ. ಆ ದಿನದ ಕೆಳಗೆ ಹೀಗೆ ಬರೆದಿದ್ದೇನೆ: ‘ರಾಯಚೂರು ಹೋಗಿ ಬಂದದ್ದು. ಪೆಟ್ರೋಲ್. ಡಯಾಫ್ರಮ್ ಬದಲಿ. ಚಾಚಾನ ಮಜೂರಿ.’ ಇಷ್ಟೇ. ನಿನ್ನ ಪರೀಕ್ಷೆ ಎಂಬ ಮಾತೇ ಇಲ್ಲ. ಒಂದು ಪೈಸೆ ಬಿಡದೆ ಬರೆದುಕೊಂಡು ಬಂದ ಪುಸ್ತಕ ಅದು.

ನಿನ್ನೆ ಆ ಸಾಲಿನ ಕೆಳಗೆ ಇನ್ನೊಂದು ಬರೆದೆ. ಶಾಯಿ ಬೇರೆಯಾಗಿ ಕಾಣುತ್ತದೆ, ಕಾಣಲಿ. ‘ರಾಯಚೂರು ಬಸ್ ಬಂದಿತ್ತು. ಮಗಳು ಕೈ ಎತ್ತಿದ್ದಳು. ನಾನು ಬೇಡ ಅಂದೆ.’

ಹೊಸ ಕಾರು ಬುಕ್ ಮಾಡು. ಯಾವ ಕಂಪನಿಯದು ಎಂದು ನಾನು ಕೇಳುವುದಿಲ್ಲ. ನಿಮ್ಮವ್ವನಿಗೆ ಹಿಂದಿನ ಸೀಟಿನಲ್ಲಿ ಕಾಲು ಚಾಚಲು ಜಾಗ ಇರಬೇಕು, ಅವಳ ಮೊಣಕಾಲು ನಿನಗೆ ಗೊತ್ತು. ಫಿಯೆಟ್ ಮಾತ್ರ ಮಾರುವುದಿಲ್ಲ, ಅದರ ಮಾತು ಬೇಡ. ಇಪ್ಪತ್ತು ವರ್ಷ ದಾಟಿದ ಕಾರಿನ ಆರ್.ಸಿ. ನವೀಕರಣ ಈಗ 10,000 ರೂಪಾಯಿ ಆಗಿದೆ. ಅದನ್ನು ನನ್ನ ಪೆನ್ಷನ್ನಿನಲ್ಲಿ ನಾನೇ ಕಟ್ಟುತ್ತೇನೆ.

ಮುಂದಿನ ವಾರ ಮಿಲ್ಲಿನ ಮಾಲಕರ ಮನೆಯಲ್ಲಿ ಮದುವೆ ಇದೆ. ಅಲ್ಲಿ ಯಾರಾದರೂ ಕಲ್ಲೂರಿನ ಕಥೆ ಕೇಳಿಯೇ ಕೇಳುತ್ತಾರೆ. ಹೇಳುವುದಿಲ್ಲ. ನೀನು ಹೇಳು ಅಂದರೆ ಮಾತ್ರ ಹೇಳುತ್ತೇನೆ, ಆಗ ಬಸ್ಸಿನಿಂದ ಶುರು ಮಾಡುತ್ತೇನೆ.

ನಿಮ್ಮವ್ವ ಸಜ್ಜಿ ರೊಟ್ಟಿ ಬಡಿದು ಒಣಗಿಸಿದ್ದಾಳೆ, ಶೇಂಗಾ ಚಟ್ನಿ ಕುಟ್ಟಿದ್ದಾಳೆ. ನಾಳೆ ಬೆಂಗಳೂರು ಬಸ್ಸಿನಲ್ಲಿ ಇಟ್ಟು ಕಳಿಸುತ್ತೇನೆ. ಬೆಳಿಗ್ಗೆ ಸ್ಟ್ಯಾಂಡಿಗೆ ಬಂದು ಇಳಿಸಿಕೋ.

ನಿನ್ನ ಅಪ್ಪ