ಕಂಟೇನರ್ ಮನೆ: ಬಿಸಿಲಿನ ಲೆಕ್ಕವೂ ಇರಲಿ

ಮಾನ್ಯ ಸಂಪಾದಕರೇ,

ಹಳೇ ಹಡಗಿನ ಕಂಟೇನರ್‌ಗಳಲ್ಲಿ ಕೆಫೆ, ಆಫೀಸು ಮಾಡುವುದು ಬೆಂಗಳೂರಿನಲ್ಲಿ ಹೊಸದಲ್ಲ. ಮನೆಯನ್ನೂ ಹಾಗೇ ಮಾಡಿಕೊಂಡರೆ ಅಗ್ಗ ಅಂತ ಈಗ ತುಂಬಾ ಜನ ಹೇಳುತ್ತಾರೆ. ನನ್ನ ತಮ್ಮ ಹೊಸಕೋಟೆ ಹತ್ತಿರದ ಸೈಟಿನಲ್ಲಿ 20 ಅಡಿಯದ್ದೊಂದು ಇಡಿಸಿದ್ದಾನೆ.

ಕ್ರೇನ್ ಬಂದು ಒಂದೇ ಬೆಳಗ್ಗೆ ಇಳಿಸಿ ಹೋಯಿತು. ಗೋಡೆ ಕ್ಯೂರಿಂಗಿಗೆ, ಅಂದರೆ ಸಿಮೆಂಟ್ ಗಟ್ಟಿಯಾಗಲೆಂದು ದಿನಾ ನೀರುಣಿಸುವುದಕ್ಕೆ, ಟ್ಯಾಂಕರ್ ನೀರು ಬೇಕಾಗಲಿಲ್ಲ. 2024ರ ಬೇಸಿಗೆಯಲ್ಲಿ ಬಿಂದಿಗೆ ಹಿಡಿದು ನಿಂತವರಿಗೆ ಇದು ಸಣ್ಣ ಮಾತಲ್ಲ, ಅಲ್ವಾ?

ಆದರೆ ಏಪ್ರಿಲ್ ಮಧ್ಯಾಹ್ನ ಅದರ ಗೋಡೆ ಮುಟ್ಟಿ ನೋಡಿ, ಕೈ ಚುರ್ ಅನ್ನುತ್ತದೆ. ಅದು ಸುಮಾರು 2 ಮಿಲಿಮೀಟರ್ ದಪ್ಪದ ಉಕ್ಕಿನ ತಗಡು ಅಷ್ಟೇ. ಶಾಖ ತಡೆಯಲು ಒಳಗೆ ಇನ್ಸುಲೇಶನ್ ಹಾಕಲೇಬೇಕು. ಹಾಕಿದರೆ 8 ಅಡಿ ಅಗಲದಲ್ಲಿ ಉಳಿಯುವುದು 7 ಅಡಿ ಚಿಲ್ಲರೆ. ತಮ್ಮನ ಮನೆಯಲ್ಲಿ ಮಂಚ ಹಾಕಿದ ಮೇಲೆ ಬೀರುವಿನ ಬಾಗಿಲು ಅರ್ಧವೇ ತೆರೆಯುತ್ತದೆ. ಜೋರು ಮಳೆ ಬಂದರೆ ಪಕ್ಕದವರ ಮಾತೂ ಕೇಳಿಸುವುದಿಲ್ಲ.

ಇನ್ನೊಂದು ವಿಷಯ. ಕಂಟೇನರ್‌ನ ಭಾರ ಹೊರುವುದು ಮೂಲೆಯ ಕಂಬಗಳು. ಆದರೂ ಕಿಟಕಿಗೆಂದು ಸುಮ್ನೆ ಗೋಡೆ ಕೊಯ್ದರೆ ಬಲ ಕುಗ್ಗುತ್ತದೆ. ಸುತ್ತ ಉಕ್ಕಿನ ಚೌಕಟ್ಟು ಬೆಸೆಯಬೇಕು. ನೆಲದ ಪ್ಲೈವುಡ್‌ಗೆ ಸಾಮಾನ್ಯವಾಗಿ ಕೀಟನಾಶಕ ಬಳಿದಿರುತ್ತಾರೆ, ಮಕ್ಕಳಿರುವ ಮನೆಯಲ್ಲಿ ಅದನ್ನು ಬದಲಾಯಿಸುವುದು ಒಳ್ಳೆಯದು. ಖರ್ಚು ಜಾಸ್ತಿಯಾಗುವುದು ಇಲ್ಲೇ.

ನನಗೆ ನೋವಾಗುವುದು ಬೇರೆಯದಕ್ಕೆ. ಕಟ್ಟಡದ ಸೈಟುಗಳಲ್ಲಿ ಇಂಥ ಬರೀ ತಗಡಿನ ಡಬ್ಬಿಗಳಲ್ಲಿ ಕೂಲಿ ಕಾರ್ಮಿಕರನ್ನು ಮಲಗಿಸುತ್ತಾರೆ. ಇನ್ಸುಲೇಶನ್, ಎದುರು ಬದುರು ಕಿಟಕಿ ಇಲ್ಲದ ಕಂಟೇನರ್‌ನಲ್ಲಿ ಯಾರನ್ನೂ ಇರಿಸಬಾರದು ಎಂದು ಪಾಲಿಕೆ ಕಡ್ಡಾಯ ಮಾಡಲಿ.

– ಓದುಗ, ಹೊರಮಾವು, ಬೆಂಗಳೂರು